ಎಡ ಲೇನಿನಿಂದ ಬಲಕ್ಕೆ

ಟೈಲರಮ್ಮನಿಗೆ ಲೈಸೆನ್ಸ್ ಸಿಕ್ಕಿ ಹದಿನೇಳು ದಿನವಾಗಿತ್ತು. ಕಾರು ಕಲಿಸಿದವರು ಮಾವ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಹೇಳಿದ್ದನ್ನೇ ಹೇಳಿ ಅವಳ ತಲೆ ಚಿಟ್ಟು ಹಿಡಿಸಿದ್ದರು: ಬಲಕ್ಕೆ ತಿರುಗುವವರು ಮೊದಲೇ ಬಲದ ಲೇನಿಗೆ ಬರಬೇಕು, ತಪ್ಪಿದರೆ ನೇರ ಹೋಗಿ ಮುಂದೆ ತಿರುಗಿಕೊಳ್ಳಬೇಕು, ಕನ್ನಡಿಯೊಂದನ್ನೇ ನಂಬದೆ ಹೊರಳಿ ನೋಡಬೇಕು. ಕತ್ತು ಇರುವುದು ಸರ ಹಾಕಿಕೊಳ್ಳಲಿಕ್ಕಷ್ಟೇ ಅಲ್ಲ ಎಂದು ಗೇಲಿ ಮಾಡುತ್ತಿದ್ದರು.

ಅವತ್ತು ಬೆಳಿಗ್ಗೆ ಅವರು ಎದೆ ಹಿಡಿದುಕೊಂಡು ಹೊಲಿಗೆ ಅಂಗಡಿಯ ಬೆಂಚಿನ ಮೇಲೆ ಕುಸಿದರು. ಆಂಬುಲೆನ್ಸಿಗೆ ಅರ್ಧ ಗಂಟೆ ಆಗುತ್ತದೆ ಎಂದರು ಫೋನಿನವರು. ಗಂಡ ಪರವೂರಿನಲ್ಲಿದ್ದ. ಕತ್ತರಿಯನ್ನು ಬಟ್ಟೆಯ ಮೇಲೇ ಬಿಟ್ಟು, ಮಾವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಮಾವ ಪಕ್ಕದಲ್ಲಿ ಹೇಳಿಕೊಡದೆ ಅವಳು ಓಡಿಸಿದ್ದೇ ಇಲ್ಲ.

ಸಿಗ್ನಲ್ ಹತ್ತಿರ ಬಂದಾಗ ಅವಳಿಗೆ ತನ್ನ ತಪ್ಪು ಗೊತ್ತಾಯಿತು. ಆಸ್ಪತ್ರೆ ಬಲಕ್ಕೆ, ಅವಳಿದ್ದದ್ದು ಎಡದ ಲೇನಿನಲ್ಲಿ. ಬಲಗಡೆ ನೀರಿನ ಟ್ಯಾಂಕರ್ ನಿಂತಿತ್ತು. ಹಸಿರು ಬಿತ್ತು. ಟ್ಯಾಂಕರ್ ಮೆಲ್ಲಗೆ ಕದಲಿತು. ಅದರ ಮೂತಿಯ ಮುಂದೆ ಒಂದು ಕಾರು ನುಸುಳುವಷ್ಟು ಜಾಗ.

"ತಿರುಗಿಸಮ್ಮ, ಜಾಗ ಇದೆ," ಎಂದರು ಮಾವ. ದನಿ ಅವರದೇ ಅಲ್ಲದ ಹಾಗಿತ್ತು. "ನನ್ನ ಕೈಲಿ ಆಗ್ತಿಲ್ಲ."

ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಕೈ ಆಗಲೇ ಸ್ಟಿಯರಿಂಗನ್ನು ಬಲಕ್ಕೆ ಎಳೆಯತೊಡಗಿತ್ತು. ಆದರೂ ಹೊರಳಿ ನೋಡಿದಳು. ಟ್ಯಾಂಕರಿಗೂ ಕಾರಿಗೂ ನಡುವೆ, ಅವಳ ಬಾಗಿಲಿಗೆ ಅಂಟಿಕೊಂಡಂತೆ ಒಂದು ಸ್ಕೂಟರ್. ಹಿಂದೆ ಕೂತ ಹುಡುಗಿಯ ಮೊಣಕಾಲು ಗಾಜಿಗೆ ಗೇಣು ದೂರ.

"ಇಲ್ಲ ಮಾವ, ಸೀದಾ ಹೋಗ್ತೀನಿ. ಸ್ವಲ್ಪ ತಡ್ಕೊಳ್ಳಿ."

ಅವರು ಕಣ್ಣು ಮುಚ್ಚಿದರು. ಆಸ್ಪತ್ರೆಯ ರಸ್ತೆ ಹಿಂದೆ ಸರಿಯಿತು. ನಾನೇ ಇವರನ್ನು ಕೊಂದೆನೇನೋ ಎಂದುಕೊಂಡಳು. ಇಂಡಿಕೇಟರ್ ಹಾಕಿ, ಹಿಂದಿನವರು ಬಿಟ್ಟುಕೊಡುವ ತನಕ ಕಾದು, ಬಲದ ಲೇನಿಗೆ ಬಂದಳು. ಮುಂದಿನ ಸಿಗ್ನಲ್‌ನಲ್ಲಿ ತಿರುಗಿ ವಾಪಸ್ಸಾಗುವ ಹೊತ್ತಿಗೆ ಮಾವನ ತಲೆ ಕಿಟಕಿಗೆ ವಾಲಿತ್ತು. ಕರೆದರೆ ಓಗೊಡಲಿಲ್ಲ. ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡುವ ಧೈರ್ಯವೂ ಅವಳಿಗಾಗಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಬಂತು, ಮಾವ ಒಳಗೆ ಹೋದರು. ಕಾರು ತೆಗೆಯಿರಿ ಎಂದ ಕಾವಲುಗಾರ. ಅವಳ ಬೆರಳು ಸ್ಟಿಯರಿಂಗ್ ಬಿಡಲೊಲ್ಲವು. ಕೊನೆಗೆ ಅವನೇ ಒಂದೊಂದಾಗಿ ಬಿಡಿಸಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಂದ.

ಸಂಜೆ ಡಾಕ್ಟರು ಗಂಡಾಂತರ ಕಳೆಯಿತೆಂದರು. ಮಾವ ಕಣ್ಣು ಬಿಟ್ಟಾಗ ಅವಳು ಸ್ಕೂಟರಿನ ವಿಷಯ ಹೇಳಿದಳು.

"ನಾನು ನೋಡ್ಲೇ ಇಲ್ಲ ಕಣಮ್ಮ," ಎಂದರು. "ಸಾಯೋಕೆ ಅಷ್ಟು ಹೆದರಿದ್ದೆ."

ಅವಳೂ ಅಷ್ಟೇ ಹೆದರಿದ್ದಳು. ಅವರ ಹೊದಿಕೆ ಸರಿಮಾಡಿ, ಗಂಡನಿಗೆ ಫೋನು ಹಚ್ಚಿದಳು.