ಮಹಾಬಲ ಸರ್ ಬಿಟ್ಟ ಪದ

ಪುತ್ತೂರಿನ ಕಾಲೇಜಿನಲ್ಲಿ ಮಹಾಬಲ ಸರ್‌ಗೆ ದೊಡ್ಡ ಹೆಸರು. ಬೋಸಾನ್ ಕಣಗಳ ಬಗ್ಗೆ ಅವರದೊಂದು ಪ್ರಬಂಧ ಅಚ್ಚಾಗಿತ್ತು. ತಾಲೂಕಿನಲ್ಲಿ ಇನ್ನಾರಿಗೆ ಅದು ಅರ್ಥವಾದೀತು ಎಂಬ ಧೈರ್ಯವೂ ಇತ್ತು. ಹೆಸರು ಬಂದ ಮೇಲೆ ಮನುಷ್ಯನ ಕಿವಿ ತುಸು ಮಂದವಾಗುತ್ತದೆ.

ವಿಷಯ ಇಷ್ಟೇ. ಬೋಸಾನ್ ಅನಿಲವನ್ನು ವಿಪರೀತ ತಣಿಸಿದರೆ ಕಣಗಳೆಲ್ಲ ಒಂದೇ ಸ್ಥಿತಿಗೆ ಇಳಿದು ಕೂರುತ್ತವೆ. ಸ್ವಲ್ಪ ಶಾಖ ಉಳಿದಿದ್ದರೆ ಕೆಲವು ಎದ್ದು ಹೊರಹೋಗುತ್ತವೆ, ಕೆಲವು ಜೋಡಿಯಾಗಿಯೇ ಹೋಗುತ್ತವೆ. ಆ ಜೋಡಿಗಳಿಗೆ ಸಮೀಕರಣದಲ್ಲಿ ಒಂದು ಪದವಿದೆ. ಅದನ್ನು ಉಳಿಸಿಕೊಂಡರೆ ಉತ್ತರದಲ್ಲಿ ಶಕ್ತಿಮಟ್ಟಗಳ ನಡುವೆ ಇರಬಾರದ ಅಂತರವೊಂದು ಬಂದು ಕಾಡುತ್ತದೆ. ತಮ್ಮ ಪ್ರಬಂಧದಲ್ಲಿ ಸರ್ ಅದನ್ನು ಬಿಟ್ಟುಬಿಟ್ಟರು. ಬಿಟ್ಟದ್ದು ತಪ್ಪಲ್ಲ, ಬಹಳ ಮಂದಿ ಬಿಡುತ್ತಾರೆ. ಆದರೆ ಕಾರಣ ಹೇಳದೆ, 'ತೀರಾ ಸಣ್ಣದು' ಎಂದು ಬರೆದರು. ಲೆಕ್ಕ ಹಾಕಿ ನೋಡಿರಲಿಲ್ಲ.

ಹಾಕಿ ನೋಡಿದವಳು ಆಲಂಕಾರಿನ ನುಸ್ರತ್, ಅವರ ಬಳಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದವಳು.

"ಸರ್, ಅದು ಸಣ್ಣದಲ್ಲ. ಹೊರಗೆ ಹೋದ ಕಣಗಳ ಲೆಕ್ಕದಷ್ಟೇ ದೊಡ್ಡದುಂಟು."

"ಎಂತ ಮಾರಾಯ್ತಿ, ನನಗೇ ಪಾಠ ಮಾಡುದಾ? ಹೇಳಿದಷ್ಟು ಬರಿ!"

ಇಡೀ ತರಗತಿ ನಕ್ಕಿತು. ಸಂಜೆ ಮನೆಯಲ್ಲಿ ಸರ್ ತಾವೂ ಲೆಕ್ಕ ಹಾಕಿದರು. ಅವಳದೇ ಸರಿ. ನಾಳೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆ ಮೂರು ತಿಂಗಳಾದರೂ ಬರಲಿಲ್ಲ. ಹುಡುಗಿ ತನ್ನ ಪ್ರಾಜೆಕ್ಟ್ ವರದಿಯಲ್ಲಿ ಸರ್ ಹೇಳಿದಂತೆ 'ಸಣ್ಣದು' ಎಂದೇ ಬರೆದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಭವಿತಾ ಮೇಡಂ ಬಂದರು. ಒಬ್ಬರನ್ನು ತಮ್ಮ ಜೊತೆ ಸಂಶೋಧನೆಗೆ ಆರಿಸುವವರಿದ್ದರು. ನುಸ್ರತ್ ವರ್ಷವಿಡೀ ದುಡಿದದ್ದು ಅದಕ್ಕೇ.

"ಈ ಪದ ನಿಜಕ್ಕೂ ಎಷ್ಟು ದೊಡ್ಡದು?" ಎಂದು ಮೇಡಂ ಕೇಳಿದರು.

ನುಸ್ರತ್ ಬೋರ್ಡಿನ ಮೇಲೆ ಪೂರ್ತಿ ಲೆಕ್ಕ ಬರೆದಳು.

"ಇಷ್ಟು ಗೊತ್ತಿದ್ದೂ ಸಣ್ಣದು ಅಂತ ಯಾಕೆ ಬರೆದದ್ದು?"

ಅವಳು ಒಮ್ಮೆ ಮೇಡಂ ಪಕ್ಕದಲ್ಲೇ ಕೂತಿದ್ದ ಸರ್ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನಾದರೂ ವಾಸಿ. ಇವರು ಕದಲಲೂ ಇಲ್ಲ.

"ಉದಾಸೀನ ಮಾಡಿದೆ ಮೇಡಂ. ನನ್ನದೇ ತಪ್ಪು," ಎಂದಳು.

"ಗೊತ್ತಿದ್ದೂ ಉದಾಸೀನ ಮಾಡುವವರು ನನಗೆ ಬೇಡ," ಎಂದು ಮೇಡಂ ದೀಕ್ಷಿತಾ ಎಂಬ ಇನ್ನೊಬ್ಬಳ ಹೆಸರು ಬರೆದುಕೊಂಡು ಎದ್ದರು.

ವರಾಂಡದಲ್ಲಿ ಸರ್ ಅವಳನ್ನು ತಡೆದರು. "ಯಾಕೆ ಹಾಗೆ ಹೇಳಿದ್ದು ನೀನು?"

"ನೀವೇ ಹೇಳ್ತೀರಿ ಅಂದ್ಕೊಂಡೆ ಸರ್. ನೀವು ಹೇಳ್ಲಿಲ್ಲ. ಮತ್ತೆ ನಾನು ಎಂತ ಹೇಳುದು?"

ಸರ್‌ಗೆ ನಾಚಿಕೆಯಾಯಿತು. ಸುಬ್ರಹ್ಮಣ್ಯದ ಕಡೆ ಹೊರಟಿದ್ದ ಮೇಡಂ ಕಾರಿಗೆ ಅಡ್ಡ ಓಡಿ ಎಲ್ಲವನ್ನೂ ಒದರಿದರು. ಮೇಡಂ ಗಾಜು ಇಳಿಸಿ ಕೇಳಿಸಿಕೊಂಡರು.

"ಹೆಸರು ಇನ್ನೂ ಕಳಿಸಿಲ್ಲ, ಬದಲಿಸ್ತೇನೆ. ಆದ್ರೆ ಅವಳನ್ನು ಬೈದದ್ದು ಎಲ್ಲಿ? ಅಲ್ಲೇ ಹೋಗಿ ಹೇಳಿ."

ಸರ್ ತರಗತಿಗೆ ಬಂದರು. "ತಪ್ಪು ನನ್ನದು. ಇವಳು ಹೇಳಿದ್ದಳು. ಸರಿ ಅಂತ ಅದೇ ದಿನ ನನಗೂ ಗೊತ್ತಾಗಿತ್ತು," ಎಂದರು. ಈ ಸಲ ಯಾರೂ ನಗಲಿಲ್ಲ. ಅವರು ಧೈರ್ಯ ಮಾಡಿ ನುಸ್ರತ್ ಕಡೆ ನೋಡಿದರು. ಗುರುವಿನ ಮಾನ ಹೋಗುವುದನ್ನು ನೋಡಲಾರದೆ ಅವಳು ಅವರಿಗಿಂತ ಹೆಚ್ಚು ತಲೆ ತಗ್ಗಿಸಿ ಕೂತಿದ್ದಳು.