ಸಾವಂತ್ರವ್ವನ ಸೀರಿ ಉಟ್ಟಾಕಿ

ಶಿವಯೋಗೆಪ್ಪ ಜೈನಾಪುರದಾಗ ಬಾವಿ ತೋಡೂ ಮುಂದ ತಲಿಗಿ ಕಲ್ಲು ಬಿದ್ದು, ವಿಜಾಪುರದ ದವಾಖಾನ್ಯಾಗ ಒಂದು ತಿಂಗಳು ಮಲಗಿದ್ದ. ಅರವತ್ತೆರಡನೇ ಇಸ್ವಿ, ದೀಪಾವಳಿ ಮುಂದ ತಿಕೋಟಾಕ್ಕ ಬಂದಿಳಿದ. ಓಣಿ ಮಂದೀನ್ನೆಲ್ಲಾ ಹೆಸರು ಹಿಡಿದು ಮಾತಾಡಿಸಿದ, ಎಮ್ಮಿ ಈದೈತೇನು ಅಂತ ಕೇಳಿದ. ಹೆಂಡತಿ ಸಾವಂತ್ರವ್ವಗ ಹೋದ ಜೀವ ಬಂದಂಗಾತು. ಗಂಡ ಉಳದ, ಇನ್ನೇನು ಬೇಕು? ಬಿಸಿ ರೊಟ್ಟಿ ತಾಟು ಹಿಡಕೊಂಡು ಮುಂದ ಬಂದ್ಲು.

ಅವ ತಾಟು ಮುಟ್ಟಲಿಲ್ಲ. ಆಕಿ ಮಾರಿ ನೋಡಿ ಅವ್ವನ ಕಡೆ ತಿರುಗಿದ. "ಯವ್ವಾ, ಈಕಿ ಯಾರು? ಸಾವಂತ್ರಿ ಹಂಗೇ ಅದಾಳ, ಆದ್ರ ಸಾವಂತ್ರಿ ಅಲ್ಲ."

ಮಂದಿ ಚೇಷ್ಟಿ ಅಂತ ನಕ್ಕರು. ಅವ ನಗಲಿಲ್ಲ. ಸಾವಂತ್ರವ್ವ ಮುಂಗೈ ಮ್ಯಾಲಿನ ಹಚ್ಚಿ ತೋರಿಸಿದ್ಲು.

"ಹಚ್ಚಿನೂ ಹಂಗೇ ಹಾಕಿಸ್ಕೊಂಡಾಳ, ಶಾಣ್ಯಾಕಿ" ಅಂದ.

ಮಿದುಳಿಗಿ ಪೆಟ್ಟಾಗೇತಿ, ಏನರೆ ಅಂದ್ರ ಮನಸಿಗಿ ಹಚ್ಕೋಬ್ಯಾಡ್ರಿ ಅಂತ ಡಾಕ್ಟರ್ ಹೇಳಿ ಕಳಿಸಿದ್ರು. ಕೇಳೋರು ಯಾರು? ಮರುದಿನದಿಂದ ಅತ್ತಿ ತಾಯವ್ವ ಸೊಸಿ ಪಾದ ನೋಡಾಕತ್ತಿದ್ಲು, ದೆವ್ವದ್ದರಂಗ ಹಿಂದಮುಂದ ಆಗ್ಯಾವೇನು ಅಂತ. ಹನ್ನೆರಡು ವರ್ಷ ಈ ಮನ್ಯಾಗ ರೊಟ್ಟಿ ಬಡಿದಾಕಿ ಪಾದ ನೋಡ್ತಾರಂದ್ರ, ಅಂಥಾ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ. ಸಾವಂತ್ರವ್ವ ಗಾಬರಿಗೆ ಬಾಯಿ ಬಿಡೂದನ್ನೇ ಬಿಟ್ಲು. ಐತವಾರ ಆಕಿನ್ನ ತವರಿಗಿ, ಬಬಲೇಶ್ವರಕ್ಕ, ಕಳಸೂದು ಅಂತ ಮಾತಾತು.

ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಹಿತ್ತಲದಾಗ ಎಮ್ಮಿಗಿ ನೀರು ಕುಡಸ್ತಾ, ಎಮ್ಮಿ ಮುಂದನೇ ತನ್ನ ದುಃಖ ಹೇಳಿಕೊಂಡ್ಲು. ಬಾಗಲಾ ಮುಚ್ಚಿತ್ತು. ಒಳಗಿಂದ ಗಂಡನ ದನಿ ಬಂತು.

"ಸಾವಂತ್ರಿ, ಬಂದಿ ಏನಬೇ?"

ಆಕಿ ಬಕೀಟು ಕೆಳಗಿಟ್ಟು ಬಾಗಲದ ಕಡೆ ಬಂದ್ಲು. "ಬಂದೀನ್ರಿ."

"ಇಷ್ಟು ದಿನ ಎಲ್ಲಿ ಹೋಗಿದ್ದಿ? ಯಾವಾಕಿನೋ ನಿನ್ನ ಸೀರಿ ಉಟ್ಕೊಂಡು ಮನ್ಯಾಗ ಅಡ್ಡಾಡತಾಳ. ನನಗ ಅಂಜಿಕಿ ಬರ್ತೈತಿ."

ಸಂತೋಷಕ್ಕ ಆಕಿ ಬಾಗಲಾ ದೂಡಿ ಒಳಗ ಓಡಿದ್ಲು. ಮಾರಿ ಕಂಡಿದ್ದೇ ತಡ, ಅವ ಗ್ವಾಡಿಗಿ ಸರದ. "ನೀ ಯಾಕ ಬಂದಿ? ಆಕಿನ್ನ ಏನು ಮಾಡಿದಿ?"

ಅಡಗಿ ಮನಿ ಬಾಗಲದಾಗ ನಿಂತ ತಾಯವ್ವ ಎಲ್ಲಾ ಕೇಳಿದ್ಲು. ಈ ಸರ್ತಿ ಸೊಸಿ ಪಾದ ನೋಡಲಿಲ್ಲ, ಮಾರಿ ನೋಡಿದ್ಲು.

ಸಾವಂತ್ರವ್ವ ಹೊರಗ ಬಂದು ಬಾಗಲಾ ತಾನೇ ಎಳಕೊಂಡ್ಲು. ಹೊಸ್ತಿಲದ ಹತ್ರ ಕುಂತು, "ಆಕಿ ಹೋದ್ಲರಿ. ನಾ ಇಲ್ಲೇ ಅದೀನಿ. ಉಂಡ್ರಿ?" ಅಂದ್ಲು.

"ಇಲ್ಲ. ನಿನ್ನ ದಾರಿ ಕಾಯಾಕತ್ತಿದ್ದೆ."

ತಾಯವ್ವ ಸೊಸಿ ಮಾಡಿದ ರೊಟ್ಟಿ ತಂದು ಮಗನ ಮುಂದ ಇಟ್ಲು. ಅವ ಮುರಕೊಂಡ.

"ಒಳಗ ಬಾರಬೇ, ಕೂಡೇ ಉಣ್ಣೋಣು" ಅಂದ.

"ನೀವು ಉಣ್ರಿ" ಅಂದ್ಲು ಸಾವಂತ್ರವ್ವ, ಬಾಗಲಾ ಗಟ್ಟಿಯಾಗಿ ಹಿಡಕೊಂಡು. "ಬರ್ತೀನಿ."