ತೊಟ್ಟು ತೊಟ್ಟು ಎಣ್ಣೆ

ಬಂಡೀಪುರದ ಬಂಗಲೆಯಲ್ಲಿ ಮೂವತ್ತು ವರ್ಷ ಸಾಹೇಬರಿಗೆ ಮಯೊನೇಸ್ ಎಂಬ ಮೊಟ್ಟೆ-ಎಣ್ಣೆಯ ಗಟ್ಟಿ ಸಾಸ್ ಮಾಡಿಕೊಟ್ಟ ಅಡುಗೆಯವ ಹಿದಾಯತ್ ಉಲ್ಲಾ, ೧೯೫೬ರಲ್ಲಿ ಕೈನಡುಕ ಶುರುವಾದ ಮೇಲೆ ಕೆಲಸ ಬಿಟ್ಟು ಗುಂಡ್ಲುಪೇಟೆಯ ಮನೆಗೆ ಬಂದ. ಆಮೇಲೆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ.

"ಬಂದ ಬಂದ ಸಾಹೇಬ್ರಿಗೆಲ್ಲ ತಿನ್ಸಿದ್ರಿ, ನಂಗೊಂದಿನ ಮಾಡ್ಕೊಟ್ರಾ?" ಎಂದು ಹೆಂಡತಿ ಅಕ್ತರ್ ಬೀ ಇವತ್ತು ರೇಗಿಯೇಬಿಟ್ಟಳು. ಬಟ್ಟಲಿಗೆ ಮೊಟ್ಟೆಯ ಹಳದಿ, ನಿಂಬೆರಸ ಹಾಕಿ, ಎಣ್ಣೆಯ ಗಿಂಡಿಯನ್ನು ಅವನ ಕೈಗಿಟ್ಟಳು.

"ಒಂದೇ ಸಲ ಸುರಿದ್ರೆ ಒಡೆದೋಯ್ತದೆ ಕಣೆ. ತೊಟ್ಟು ತೊಟ್ಟೇ ಬೀಳ್ಬೇಕು. ಈ ಕೈಲಾಗಲ್ಲ, ಬುಡು."

"ಸುಮ್ನೆ ಹಿಡ್ಕೊಳ್ಳಿ."

ಅವಳು ಕಡೆಯತೊಡಗಿದಳು. ಗಿಂಡಿ ನಡುಗಿತು, ನಡುಗಿದಾಗಲೆಲ್ಲ ಒಂದೊಂದೇ ತೊಟ್ಟು ಬಿತ್ತು. ನೋಡನೋಡುತ್ತ ಬಟ್ಟಲಲ್ಲಿದ್ದುದು ಬೆಣ್ಣೆಯಂತೆ ಗಟ್ಟಿಯಾಯಿತು. ಹಿದಾಯತ್ ನಂಬಲಾರದೆ ತನ್ನ ಕೈಯನ್ನೇ ನೋಡಿದ.

ಅಕ್ತರ್ ಬೀ ಬೆರಳಲ್ಲಿ ತೆಗೆದು ನೆಕ್ಕಿದಳು.

"ಹುಳಿ ಸಾಲ್ದು," ಎಂದಳು. "ನಾಳೆ ಇನ್ನರ್ಧ ಹೋಳು ಹಿಂಡನ."